ಹುಳಕ್ಕೆ ಪಠ್ಯಪುಸ್ತಕ ಬೇಕಿಲ್ಲ

"ಡಾರ್ವಿನ್ ಪಾಠ ಬಿಟ್ರೆ ಯಾರ ಗಂಟು ಹೋಗುತ್ತೆ?" ಅಂತ ಕೇಳೋರಿಗೆ ಹತ್ತಿ ಹೊಲ ತೋರಿಸಬೇಕು.

ಬಿಟಿ ಹತ್ತಿಗೆ 2002ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಕಾಯಿಕೊರಕ ತಿಂದರೆ ಸಾಯುವಂತೆ ಗಿಡದೊಳಗೇ ವಿಷ. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಅದನ್ನೇ ತಿಂದು ಬದುಕತೊಡಗಿತ್ತು. ಪವಾಡವೇನಲ್ಲ. ವಿಷ ತಡೆಯುವ ಗುಣ ಹುಟ್ಟಿನಿಂದಲೇ ಇದ್ದ ಕೆಲವೇ ಹುಳ ಉಳಿದವು, ಮಿಕ್ಕವು ಸತ್ತವು. ಮುಂದಿನ ಪೀಳಿಗೆ ಉಳಿದವುಗಳದ್ದು. ಡಾರ್ವಿನ್ 1859ರಲ್ಲಿ ಹೇಳಿದ್ದೂ ಇದನ್ನೇ.

ತಡೆಯುವ ದಾರಿಯೂ ಆ ತಿಳಿವಿನಿಂದಲೇ ಬಂದದ್ದು. ಪೊಟ್ಟಣದ ಜೊತೆ ಬಿಟಿ ಅಲ್ಲದ 120 ಗ್ರಾಂ ಬೀಜ ಕೊಡ್ತಿದ್ರು. ಹೊಲದ ಸುತ್ತ ಅದನ್ನು ಬಿತ್ತಿದರೆ, ಅಲ್ಲಿ ಬೆಳೆದ ಸಾಮಾನ್ಯ ಪತಂಗಗಳು ಗಟ್ಟಿ ಪತಂಗಗಳ ಜೊತೆ ಕೂಡುತ್ತವೆ; ಹುಟ್ಟುವ ಮರಿ ಬಿಟಿ ತಿಂದರೆ ಸಾಯುತ್ತದೆ. ಬಹುತೇಕರು ಬಿತ್ತಲಿಲ್ಲ. ಹುಳಕ್ಕೆ ನಾವೇ ಯಾಕೆ ಮೇವು ಹಾಕಬೇಕು ಅನ್ನೋದನ್ನು ಸರಿಯಾಗಿ ತಿಳಿಸಿದವರೇ ಕಮ್ಮಿ.

ಇಂಥ ದೇಶದಲ್ಲಿ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಪಾಠ ಹೋಯಿತು. ಹೊರೆ ಇಳಿಸಲಿಕ್ಕಂತೆ! ಮುಂದೆ ಪಿಯುಸಿಯಲ್ಲಿ ಇದೆಯಲ್ಲ ಅಂತೀರಾ? ಜೀವಶಾಸ್ತ್ರ ತಗೊಳ್ಳದ ರೈತನ ಮಗನಿಗೆ ಹೇಳೋರ್ಯಾರು ಸ್ವಾಮಿ? ನಾವು ಓದದಿದ್ದರೂ ಹುಳ ವಿಕಾಸವಾಗೋದನ್ನ ಬಿಡಲ್ಲ. ಗಂಟು ಹೋಗೋದು ಹೊಲದವನದು.