ಉತ್ತರ ಪತ್ರಿಕೆಯ ಆಯುಷ್ಯ ಮತ್ತು ಮಾಹಿತಿ ಹಕ್ಕು

ಮುಂಬಯಿ ವಿಶ್ವವಿದ್ಯಾಲಯದ 2017ರ ಬೇಸಿಗೆಯ ಪರೀಕ್ಷೆಗಳನ್ನು ಈ ಮಹಾನಗರದ ಕನ್ನಡಿಗರು ಬೇಗನೆ ಮರೆಯಲಾರರು. ಡೊಂಬಿವಲಿಯಿಂದ ಬೋರಿವಲಿಯವರೆಗೆ ನಮ್ಮವರ ಅನೇಕ ಮನೆಗಳಲ್ಲಿ ಆ ವರ್ಷ ಪದವಿ ಪರೀಕ್ಷೆ ಬರೆದ ಮಕ್ಕಳಿದ್ದರು. ಉತ್ತರ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಗಣಕಯಂತ್ರದ ಪರದೆಯ ಮೇಲೆ ತಿದ್ದುವ ಹೊಸ ಪದ್ಧತಿಯನ್ನು ಸಾಕಷ್ಟು ಪೂರ್ವಸಿದ್ಧತೆಯಿಲ್ಲದೆ ಜಾರಿಗೆ ತಂದುದರ ಪರಿಣಾಮವಾಗಿ ಸುಮಾರು 17 ಲಕ್ಷ ಉತ್ತರ ಪತ್ರಿಕೆಗಳ ಮೌಲ್ಯಮಾಪನ ತಿಂಗಳುಗಟ್ಟಲೆ ಎಳೆಯಿತು. ರಾಜ್ಯಪಾಲ ಸಿ. ವಿದ್ಯಾಸಾಗರ ರಾವ್ ಅವರು ವಿಧಿಸಿದ್ದ ಜುಲೈ 31ರ ಗಡುವು ದಾಟಿತು. ಕೊನೆಯ ಫಲಿತಾಂಶಗಳು ಹೊರಬೀಳುವಾಗ ಸೆಪ್ಟೆಂಬರ್ ಬಂದಿತ್ತು. ಅಕ್ಟೋಬರ್ 24ರಂದು ಕುಲಪತಿ ಡಾ. ಸಂಜಯ ದೇಶಮುಖ್ ಅವರನ್ನು ವಜಾಗೊಳಿಸಲಾಯಿತು. (ಮರಾಠಿ ಪತ್ರಿಕೆಗಳನ್ನು ಓದುವ ನಮ್ಮವರಿಗೆ ಇಲ್ಲೊಂದು ಗೊಂದಲ ಸಹಜ. ನಾವು ಕುಲಪತಿ ಎನ್ನುವವರನ್ನು ಅವರು ಕುಲಗುರು ಎನ್ನುತ್ತಾರೆ. ಅವರ ಕುಲಪತಿಯೆಂದರೆ ರಾಜ್ಯಪಾಲರು.)

ವಜಾ ಆದುದು ದೊಡ್ಡ ಸುದ್ದಿಯಾಯಿತು. ಆದರೆ ಮನೆಗಳಲ್ಲಿ ಉಳಿದ ಪ್ರಶ್ನೆ ಬೇರೆಯದೇ ಆಗಿತ್ತು. ಕೆಲವರ ಉತ್ತರ ಪತ್ರಿಕೆಗಳು ಸಿಗಲೇ ಇಲ್ಲ. ಅಂಥವರಿಗೆ ಸರಾಸರಿ ಅಂಕಗಳನ್ನು ಕೊಡಲಾಯಿತು. ಅಂಕಪಟ್ಟಿಯಲ್ಲಿ ಅಚ್ಚಾದ ಸಂಖ್ಯೆ ತನ್ನ ಮಗಳು ಬರೆದ ಉತ್ತರಕ್ಕೆ ದೊರೆತದ್ದೇ ಎಂದು ಒಬ್ಬ ತಂದೆ ಕೇಳಿದರೆ, ಅದಕ್ಕೆ ಉತ್ತರ ಹೇಳಬಲ್ಲದ್ದು ಆ ಕಾಗದವೊಂದೇ. ಅದನ್ನು ನೋಡುವ ಹಕ್ಕು ನಮಗುಂಟೆ?

ಉಂಟು. 2011ರ ಆಗಸ್ಟ್ 9ರಂದು ಸರ್ವೋಚ್ಚ ನ್ಯಾಯಾಲಯವು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ಹಾಗೂ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಇದನ್ನು ನಿರ್ಣಯಿಸಿದೆ. ತೀರ್ಪು ಬರೆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಮೇಲೇರಿದವರು ಎಂಬುದು ನಮಗೆ ತುಸು ಹೆಮ್ಮೆಯ ಸಂಗತಿ. ತಿದ್ದಲಾದ ಉತ್ತರ ಪತ್ರಿಕೆಯು 2005ರ ಮಾಹಿತಿ ಹಕ್ಕು ಕಾಯಿದೆಯ ಅರ್ಥದಲ್ಲಿ 'ಮಾಹಿತಿ'ಯೇ ಆಗಿದೆ. ಪರೀಕ್ಷೆ ಬರೆದವನು ಅದನ್ನು ಪರಿಶೀಲಿಸಬಹುದು, ನಕಲನ್ನೂ ಪಡೆಯಬಹುದು. ತಿದ್ದಿದ ಅಧ್ಯಾಪಕರ ಹೆಸರು ಮತ್ತು ಸಹಿಯನ್ನು ಮಾತ್ರ ಮರೆಮಾಡಿ ಕೊಡಬೇಕು. ಇದು ನ್ಯಾಯವೇ ಸರಿ. ಎರಡು ಅಂಕ ಕಡಿಮೆಯಾಯಿತೆಂದು ಮೇಷ್ಟರ ಮನೆಯ ಬಾಗಿಲು ಬಡಿಯುವವರೂ ನಮ್ಮಲ್ಲಿದ್ದಾರೆ.

ಅದೇ ತೀರ್ಪಿನ ಇನ್ನೊಂದು ಮಾತಿನ ಕಡೆಗೆ ಹೆಚ್ಚಿನವರ ಗಮನ ಹೋಗಿಲ್ಲ. ಸಂಸ್ಥೆಯ ನಿಯಮದಂತೆ ಉತ್ತರ ಪತ್ರಿಕೆಯನ್ನು ಎಷ್ಟು ಕಾಲ ಕಾದಿರಿಸಬೇಕೋ ಅಷ್ಟು ಕಾಲ ಮಾತ್ರ ಈ ಹಕ್ಕು ಜೀವಂತ. ಪ್ರಕರಣದಲ್ಲಿದ್ದ ಮಂಡಳಿಯು ತನ್ನ ಪತ್ರಿಕೆಗಳನ್ನು ಇಟ್ಟುಕೊಳ್ಳುತ್ತಿದ್ದುದು ಮೂರು ತಿಂಗಳು. ಅವಧಿ ಮುಗಿದು ಪತ್ರಿಕೆ ನಾಶವಾದ ಮೇಲೆ ಯಾವ ಆಯೋಗವೂ ಅದನ್ನು ಮರಳಿ ಹುಟ್ಟಿಸಲಾರದು.

ಈಗ ಲೆಕ್ಕ ಹಾಕಿ ನೋಡೋಣ. ಅರ್ಜಿಗೆ ಉತ್ತರ ಕೊಡಲು ಮಾಹಿತಿ ಅಧಿಕಾರಿಗೆ 30 ದಿನಗಳಿವೆ. ಉತ್ತರ ಬರಲಿಲ್ಲವೆಂದು ಮೊದಲ ಮೇಲ್ಮನವಿ ಸಲ್ಲಿಸಿದರೆ ಅದರ ತೀರ್ಮಾನಕ್ಕೆ 30, ಕಾರಣ ಕೊಟ್ಟು ವಿಸ್ತರಿಸಿದರೆ 45 ದಿನ. ಫಲಿತಾಂಶ ಬಂದ ಮರುದಿನವೇ ಅರ್ಜಿ ಹಾಕಿದರೂ 75 ದಿನ ಇಲ್ಲಿಯೇ ಸಂದಿತು. ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಲು ನಾಗರಿಕನಿಗೆ 90 ದಿನಗಳ ಮಿತಿಯಿದೆ. ಅದನ್ನು ತೀರ್ಮಾನಿಸಲು ಆಯೋಗಕ್ಕೆ ಮಾತ್ರ ಕಾಯಿದೆಯಲ್ಲಿ ಯಾವ ಮಿತಿಯೂ ಇಲ್ಲ. ಸತರ್ಕ ನಾಗರಿಕ ಸಂಘಟನೆಯ 2024ರ ವರದಿಯ ಪ್ರಕಾರ ಮಹಾರಾಷ್ಟ್ರದ ಆಯೋಗದ ಮುಂದೆ ಬಾಕಿಯಿದ್ದ ಪ್ರಕರಣಗಳು ಒಂದು ಲಕ್ಷಕ್ಕೂ ಮಿಕ್ಕಿದ್ದವು, ದೇಶದಲ್ಲಿಯೇ ಅತ್ಯಧಿಕ. ನಂತರದ ಸ್ಥಾನ ನಮ್ಮ ಕರ್ನಾಟಕದ್ದು. ಹಕ್ಕಿನ ಗಡಿಯಾರ ವರ್ಷಗಳಲ್ಲಿ ಓಡುತ್ತದೆ, ಕಾಗದದ ಗಡಿಯಾರ ತಿಂಗಳುಗಳಲ್ಲಿ.

ನಮ್ಮ ಅಕ್ಕನ ಮಗಳು ಊರಿನ ಕಡೆ ಓದಿದವಳು. ವಿಶ್ವವಿದ್ಯಾಲಯ ಯಾವುದೆಂದು ಹೇಳುವುದು ಬೇಡ. ಕೊನೆಯ ವರ್ಷದ ಒಂದು ವಿಷಯದಲ್ಲಿ ಎರಡು ಅಂಕಗಳಿಂದ ಅನುತ್ತೀರ್ಣಳಾದಳು. ಭಾವನವರು ಸಂಭಾವಿತರು, ಮೊದಲು ಮರುಮೌಲ್ಯಮಾಪನಕ್ಕೆ ಹಣ ಕಟ್ಟೋಣ, ಫಲ ನೋಡಿಕೊಂಡು ಮುಂದಿನದನ್ನು ಯೋಚಿಸೋಣ ಎಂದರು. ಆ ಫಲ ಬರಲು ನಾಲ್ಕು ತಿಂಗಳಾಯಿತು, ಅಂಕದಲ್ಲಿ ಬದಲಾವಣೆಯಿರಲಿಲ್ಲ. ಬಳಿಕ ಮಾಹಿತಿ ಹಕ್ಕಿನಲ್ಲಿ ನಕಲು ಕೇಳಿದಾಗ, ಸರಿಯಾಗಿ ಮೂವತ್ತನೆಯ ದಿನ, ಒಂದೇ ವಾಕ್ಯದ ಪತ್ರ ಬಂತು: ಸದರಿ ಉತ್ತರ ಪತ್ರಿಕೆಯನ್ನು ನಿಯಮಾನುಸಾರ ನಾಶಪಡಿಸಲಾಗಿದೆ. ಹುಡುಗಿ ಮತ್ತೆ ಪರೀಕ್ಷೆ ಬರೆದು ಪಾಸಾದಳು. ಆದರೆ ಒಂದು ವರ್ಷ ಹೋಯಿತು, ಸಿಗಬಹುದಾಗಿದ್ದ ಸ್ನಾತಕೋತ್ತರ ಸೀಟೂ ಹೋಯಿತು. ತಾನು ನಿಜವಾಗಿ ಫೇಲಾಗಿದ್ದೆನೋ ಇಲ್ಲವೋ ಎಂಬುದು ಅವಳಿಗೆ ಇಂದಿಗೂ ತಿಳಿಯದು.

ಬ್ಯಾಂಕಿನ ಮೇಜಿನ ಮುಂದೆ ಮೂವತ್ತು ವರ್ಷ ಕಳೆದ ನಮಗೆ ಆ ಪತ್ರ ವಿಚಿತ್ರವಾಗಿ ಕಂಡಿತು. ಬ್ಯಾಂಕುಗಳ ದಾಖಲೆಗಳನ್ನು ಎಷ್ಟು ಕಾಲ ಕಾಪಾಡಬೇಕೆಂಬುದಕ್ಕೆ 1985ರ ನಿಯಮಗಳಿವೆ; ಕೆಲವನ್ನು ಐದು ವರ್ಷ, ಕೆಲವನ್ನು ಎಂಟು ವರ್ಷ. ಗ್ರಾಹಕರೊಬ್ಬರು ಐನೂರು ರೂಪಾಯಿಯ ಹಳೆಯ ಚೆಕ್ಕಿನ ಬಗ್ಗೆ ತಕರಾರು ತೆಗೆದರೆ ನಾವು ಧೂಳು ಹಿಡಿದ ಕಟ್ಟುಗಳನ್ನು ಬಿಚ್ಚಿ ವೋಚರು ಹುಡುಕುತ್ತೇವೆ. ವಿದ್ಯಾರ್ಥಿಯ ಮೂರು ಗಂಟೆಗಳ ಬರಹಕ್ಕೆ ಅಷ್ಟು ಬಾಳಿಕೆಯೂ ಬೇಡವೆ? ಲಕ್ಷಗಟ್ಟಲೆ ಪತ್ರಿಕೆಗಳಿಗೆ ಗೋದಾಮು ಎಲ್ಲಿಂದ ತರುವುದೆಂಬ ಸಮಜಾಯಿಷಿಗೆ ಹಿಂದೆ ಅರ್ಥವಿತ್ತು. ಸ್ಕ್ಯಾನ್ ಮಾಡಿದ ಪ್ರತಿಗೆ ಕಪಾಟು ಬೇಕಿಲ್ಲ. 2017ರಲ್ಲಿ ಅಷ್ಟೊಂದು ತೊಂದರೆ ಕೊಟ್ಟ ಪದ್ಧತಿಯಿಂದ ಆಗಬಹುದಾದ ದೊಡ್ಡ ಉಪಕಾರವೇ ಇದು.

ಕಾಯಿದೆಯಲ್ಲಿ ಒಂದು ಆಸರೆಯಿದೆ. ಅರ್ಜಿಯಲ್ಲಿ ಕೇಳಲಾದ ದಾಖಲೆಯನ್ನು ಅನಂತರ ನಾಶಪಡಿಸುವುದು 20ನೇ ಕಲಮಿನಂತೆ ದಂಡಾರ್ಹ. ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ಅಧಿಕಾರಿಯ ಕಿಸೆಯಿಂದಲೇ ಹೋಗಬಹುದು. ಆದುದರಿಂದ ಅವಧಿಯೊಳಗೆ ಸಲ್ಲಿಸಿದ ಅರ್ಜಿ ಪತ್ರಿಕೆಗೆ ಕಾವಲು ನಿಂತಂತೆ. ಭಾವನವರು ಮಾಡಿದಂತೆ ಮರುಮೌಲ್ಯಮಾಪನದ ಫಲಕ್ಕಾಗಿ ಕಾಯದೆ ಎರಡನ್ನೂ ಜೊತೆಯಲ್ಲಿಯೇ ಹಾಕಬೇಕು; ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಅಂಕಪಟ್ಟಿಯಷ್ಟೇ ಜೋಪಾನವಾಗಿ ಇಡಬೇಕು. ನಕಲು ಕೊಡಲು ಸಂಸ್ಥೆಯದೇ ಬೇರೆ ಶುಲ್ಕದ ವ್ಯವಸ್ಥೆಯಿದ್ದರೂ, ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ ಆ ಕಾಯಿದೆಯ ಶುಲ್ಕವೇ ಅನ್ವಯವೆಂದು 2019ರಲ್ಲಿ ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಇಲ್ಲಿಯವರೆಗೆ ಹೇಳಿದ್ದು ತನ್ನ ಪತ್ರಿಕೆಯನ್ನು ತಾನು ಕೇಳುವ ಮಾತು. ಸಂಸ್ಥೆಯ ಒಟ್ಟು ವ್ಯವಹಾರವನ್ನು ಕೇಳುವ ಅರ್ಜಿಗಳದು ಬೇರೆ ಬಗೆ, ಅವುಗಳ ಉಪಕಾರವೂ ದೊಡ್ಡದು. ಮುಂಬಯಿಯಲ್ಲಿ ಮರುಮೌಲ್ಯಮಾಪನದಿಂದ ಸಾವಿರಾರು ವಿದ್ಯಾರ್ಥಿಗಳ ಫಲಿತಾಂಶ ಬದಲಾಯಿತೆಂಬುದು ಬೆಳಕಿಗೆ ಬಂದದ್ದು ಅಂಥ ಅರ್ಜಿಗಳಿಂದಲೇ. ಆದರೆ ವ್ಯಕ್ತಿಗಳ ಹೆಸರು ಬರುವಲ್ಲಿ ದಾರಿ ಈಗ ಕಿರಿದಾಗಿದೆ. ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತವಿದ್ದರೆ ಕೊಡಬೇಕೆಂದು 8(1)(ಜೆ) ಕಲಮಿನಲ್ಲಿಯೇ ಇದ್ದ ಮಾತನ್ನು 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು ತೆಗೆದುಹಾಕಿತು; 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೆ ಬಂತು. 8(2)ರ ಸಾರ್ವಜನಿಕ ಹಿತದ ಬಾಗಿಲು ಉಳಿದಿದೆ, ನಿಜ. ಆದರೂ ನೇಮಕವಾದ ಅಧ್ಯಾಪಕರ ವಿದ್ಯಾರ್ಹತೆಯೇನೆಂದು ಕೇಳಿದರೆ ವೈಯಕ್ತಿಕವೆಂಬ ಒಂದೇ ಪದದಲ್ಲಿ ಉತ್ತರ ಮುಗಿಸುವುದು ಇನ್ನು ಸುಲಭವಾದೀತೆಂದು ನಮಗೆ ಅನಿಸುತ್ತದೆ.

ನಮ್ಮವರು ಇದನ್ನೆಲ್ಲ ಪರಕೀಯರ ವಿಷಯವೆಂದು ಕಾಣಬೇಕಾಗಿಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳ ಪದವೀಧರರೆಲ್ಲ ಮುಂಬಯಿ ವಿಶ್ವವಿದ್ಯಾಲಯದವರೇ. ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕಾಲೇಜಿನಲ್ಲಿ ಓದಿದ ಹಿರಿಯರ ಪದವಿಪತ್ರಗಳೂ ಇಲ್ಲಿಯವೇ. ಇಂದಿಗೂ ಕಲೀನಾದ ವಿದ್ಯಾನಗರಿಯಲ್ಲಿ ಕನ್ನಡ ವಿಭಾಗವಿದೆ. ಕೇಳಲು ನಮಗೆ ಸಂಕೋಚವೇಕೆ?

ಅರ್ಜಿ ಕನ್ನಡದಲ್ಲಿ ನಡೆಯದು. ಇಂಗ್ಲಿಷ್, ಹಿಂದಿ ಅಥವಾ ಮರಾಠಿಯಲ್ಲಿರಬೇಕು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ; ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿದರೆ ಸಾಕು. ಅಂಕ ಏಕೆ ಕಡಿಮೆಯಾಯಿತೆಂದು ಕೇಳಿದರೆ ಉತ್ತರ ಬಾರದು, ಏಕೆಂದರೆ ಕಾಯಿದೆ ಕೊಡುವುದು ದಾಖಲೆಯನ್ನೇ ಹೊರತು ಕಾರಣವನ್ನಲ್ಲ. ಮನೆಯಲ್ಲಿ ಪದವಿ ಓದುವ ಮಕ್ಕಳಿರುವವರು ಮೊದಲ ಅರ್ಜಿಯನ್ನು ಫಲಿತಾಂಶಕ್ಕೂ ಮುಂಚೆಯೇ ಹಾಕಬಹುದು. ಅದರಲ್ಲಿ ಒಂದೇ ಪ್ರಶ್ನೆ: ಉತ್ತರ ಪತ್ರಿಕೆಗಳನ್ನು ಎಷ್ಟು ದಿನ ಕಾದಿರಿಸುತ್ತೀರಿ, ಆ ನಿಯಮದ ಪ್ರತಿಯನ್ನು ಕೊಡಿರಿ.