ಮಾತೃಭಾಷೆಯ ಕಾಲಂನಲ್ಲಿ ಏನು ಬರೆಯುತ್ತೀರಿ?

ರಾಯದುರ್ಗ ಮತ್ತು ಮಡಕಶಿರ ಸೀಮೆಯ ಕನ್ನಡ ಪಾಲಕರೇ,

ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳು ತೆರೆಯುತ್ತವೆ. ಪ್ರವೇಶದ ಅರ್ಜಿಯಲ್ಲಿ ಮಗುವಿನ ಹೆಸರು, ಜನ್ಮದಿನಾಂಕ, ಆಧಾರ್ ಸಂಖ್ಯೆ ಇವುಗಳ ನಡುವೆ ಎಲ್ಲಿಯೋ 'ಮಾತೃಭಾಷೆ' ಎಂಬ ಸಣ್ಣ ಕಾಲಂ ಒಂದಿರುತ್ತದೆ. ಎಷ್ಟೋ ಬಾರಿ ಅದನ್ನು ತುಂಬುವವರು ನಾವಲ್ಲ. ಮೇಜಿನ ಆಚೆ ಕುಳಿತವರು ಕೇಳದೆಯೇ 'ತೆಲುಗು' ಎಂದು ಬರೆದುಕೊಳ್ಳುತ್ತಾರೆ, ನಾವು ಕೆಳಗೆ ಸಹಿ ಹಾಕುತ್ತೇವೆ. ನಾನೂ ಹಾಕಿದ್ದೇನೆ, ಆ ಕಥೆಯನ್ನು ಮುಂದೆ ಹೇಳುತ್ತೇನೆ. ಆ ಕಾಲಂ ನಿಮ್ಮ ಮಗುವಿನ ಗಣಿತಕ್ಕೂ ಆರೋಗ್ಯಕ್ಕೂ ಸಂಬಂಧಿಸಿದ್ದು ಎಂಬುದನ್ನು ತಿಳಿಸುವುದಕ್ಕಾಗಿ ಈ ದೀರ್ಘ ಬರಹ. ಭಾಷಾಭಿಮಾನದ ಮಾತುಗಳನ್ನು ನವೆಂಬರ್ ತಿಂಗಳಿಗೆ ಬಿಡೋಣ.

ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿಯಿಂದ ಆರಂಭಿಸುತ್ತೇನೆ. ಬಡತನದಲ್ಲಿ ಬೆಳೆಯುವ ಮಕ್ಕಳ ಬಾಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ 'ಯಂಗ್ ಲೈವ್ಸ್' ಎಂಬ ಸಂಶೋಧನೆಯೊಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದಿದೆ. 2002ರಲ್ಲಿ ಮೊದಲ ಸುತ್ತಿನ ಭೇಟಿ. ನಾಲ್ಕು ದೇಶಗಳು, ಸುಮಾರು 12,000 ಮಕ್ಕಳು. ಇಥಿಯೋಪಿಯಾ, ವಿಯೆಟ್ನಾಂ, ಪೆರು, ಮತ್ತು ಭಾರತ. ಭಾರತದಲ್ಲಿ ಅದಕ್ಕೆ ಆಯ್ದುಕೊಂಡದ್ದು ಅಂದಿನ ಅವಿಭಜಿತ ಆಂಧ್ರಪ್ರದೇಶವನ್ನು. ಆ ರಾಜ್ಯದೊಳಗೆ ಆಯ್ದ ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಮಕ್ಕಳ ಎತ್ತರ, ತೂಕ, ಮನೆಯ ಊಟ, ಶಾಲೆ, ಲೆಕ್ಕ, ಓದು ಎಲ್ಲವನ್ನೂ ಸುತ್ತಿನಿಂದ ಸುತ್ತಿಗೆ ಅಳೆದರು. ನಮ್ಮ ಜಿಲ್ಲೆಯ ಮಗುವೂ, ಭೂಮಿಯ ಆಚೆ ಬದಿಯಲ್ಲಿ ಸ್ಪ್ಯಾನಿಷ್ ಆಡಳಿತಭಾಷೆಯಾಗಿರುವ ಪೆರು ದೇಶದ ಮಗುವೂ ಒಂದೇ ಪಟ್ಟಿಯಲ್ಲಿ ಸೇರಿದ್ದು ಹೀಗೆ.

ಈಗ ಪೆರುವಿನ ಕಡೆಗೆ ನೋಡಿ. ಅಲ್ಲಿ ಆಂಡಿಸ್ ಬೆಟ್ಟಗಳ ಜನರ ಮನೆಮಾತು ಕೆಚುವಾ. 1975ರಲ್ಲಿ ಅದಕ್ಕೆ ಅಧಿಕೃತ ಭಾಷೆಯ ಮಾನ್ಯತೆ ದೊರೆಯಿತು, ಆದರೆ ಕಚೇರಿ, ಆಸ್ಪತ್ರೆ, ಉದ್ಯೋಗ ಎಲ್ಲವೂ ಸ್ಪ್ಯಾನಿಷ್‌ನಲ್ಲಿಯೇ ಉಳಿದವು. ಕೆಚುವಾ ಮಾತನಾಡುವ ತಾಯಿತಂದೆಯರೂ ನಮ್ಮಂತೆಯೇ ಲೆಕ್ಕ ಹಾಕಿದರು: ಮನೆಯಲ್ಲಿ ಹೇಗೂ ನಮ್ಮ ಭಾಷೆ ಇದೆ, ಶಾಲೆಯಲ್ಲಾದರೂ ದೊಡ್ಡ ಭಾಷೆ ಕಲಿಯಲಿ. ಯಂಗ್ ಲೈವ್ಸ್ ಮಾಹಿತಿಯನ್ನೇ ಆಧರಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಲೆಕ್ಕವನ್ನು ಪರೀಕ್ಷಿಸಿತು. ಕೆಚುವಾ ಮಾಧ್ಯಮದ ಶಾಲೆಗೆ ಹೋದ ಮೂಲನಿವಾಸಿ ಮಕ್ಕಳು, ಸ್ಪ್ಯಾನಿಷ್ ಮಾಧ್ಯಮಕ್ಕೆ ಹೋದ ಅಂಥವೇ ಮಕ್ಕಳಿಗಿಂತ ಗಣಿತದಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಮನೆಯ ಸ್ಥಿತಿಗತಿಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಅಳಿಯಲಿಲ್ಲ. ಅಧ್ಯಯನಕ್ಕೆ ಸಿಕ್ಕ ಕೆಚುವಾ ಮಾಧ್ಯಮದ ಮಕ್ಕಳ ಸಂಖ್ಯೆ ದೊಡ್ಡದೇನಲ್ಲ, ಅದನ್ನು ಮರೆಮಾಚಬಾರದು. ಆದರೆ ಭಾಷೆಯ ಪರೀಕ್ಷೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣದೆ ಗಣಿತದಲ್ಲಿ ಕಂಡದ್ದೇಕೆ ಎಂಬುದನ್ನು ಯೋಚಿಸಿ. ಲೆಕ್ಕ ಮಾಡುವ ಮಗು ಮೊದಲು ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಬೇಕಷ್ಟೆ.

ನೀವು ತಕ್ಷಣ ಎತ್ತುವ ಆಕ್ಷೇಪ ನನಗೆ ಗೊತ್ತು, ಅದು ನ್ಯಾಯವಾದ ಆಕ್ಷೇಪವೂ ಹೌದು. ಕೆಚುವಾಕ್ಕೂ ಸ್ಪ್ಯಾನಿಷ್‌ಗೂ ಬಳಗದ ಸಂಬಂಧವೇ ಇಲ್ಲ. ಕನ್ನಡ ತೆಲುಗುಗಳಾದರೋ ಒಂದೇ ದ್ರಾವಿಡ ಕುಟುಂಬಕ್ಕೆ ಸೇರಿದವು, ಲಿಪಿಯೂ ನೋಡಿದರೆ ಹೋಲುವಂಥದ್ದು. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳ ಮಗು ಬೀದಿಯಲ್ಲಿಯೇ ತೆಲುಗು ಕಲಿಯುತ್ತದೆ. ಡಿ. ಹಿರೇಹಾಳ್, ಬೊಮ್ಮನಹಾಳ್, ಕಣೇಕಲ್ ಸಂತೆಯಲ್ಲಿ ಯಾರು ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದರೆಂದು ಚೌಕಾಸಿ ಮಾಡಿದವರಿಗೇ ನೆನಪಿರುವುದಿಲ್ಲ. ಹೀಗಿರುವಾಗ ಪೆರುವಿನ ಉದಾಹರಣೆ ನಮಗೇಕೆ?

ನನ್ನ ಉತ್ತರ ಇದು: ಈ ಸಾಮೀಪ್ಯವೇ ನಮ್ಮನ್ನು ಮೋಸಗೊಳಿಸುತ್ತಿದೆ. ಏನೂ ಅರ್ಥವಾಗದ ಮಗು ಅಳುತ್ತದೆ, ಗುರುಗಳ ಕಣ್ಣಿಗೆ ಬೀಳುತ್ತದೆ. ಅರ್ಧ ಅರ್ಥವಾಗುವ ಮಗು ತಲೆಯಾಡಿಸುತ್ತಾ ಕುಳಿತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಪದವನ್ನು ತೆಗೆದುಕೊಳ್ಳಿ. ನಮ್ಮ ಮನೆಗಳಲ್ಲಿ 'ಸುಸ್ತು' ಎಂದರೆ ದಣಿವು. ತೆಲುಗಿನಲ್ಲಿ 'ಸುಸ್ತೀ' ಎಂದರೆ ಕಾಯಿಲೆ, ಮೈ ಚೆನ್ನಾಗಿಲ್ಲದಿರುವುದು. ಆರೋಗ್ಯ ಸಮೀಕ್ಷೆಗೆ ಬಂದವರು 'ಸುಸ್ತೀ ಚೇಸಿಂದಾ?' ಎಂದು ಕೇಳಿದರೆ, ಹೊಲದಿಂದ ಆಗಷ್ಟೇ ಮರಳಿದ ಕನ್ನಡದ ತಾಯಿ 'ಹೌದಮ್ಮ, ದಿನಾ ಸುಸ್ತು' ಎಂದಾಳು. ಕಾಗದದಲ್ಲಿ ಅವಳು ನಿತ್ಯರೋಗಿ. ಇದಕ್ಕೆ ತಿರುಗುಮುರುಗಾಗಿಯೂ ಆಗಬಹುದು: ರಕ್ತಹೀನತೆಯಿಂದ ಬಂದ ನಿಜವಾದ ನಿಶ್ಶಕ್ತಿಯನ್ನು ಆಕೆ 'ಬರೀ ಸುಸ್ತು' ಎಂದು ಹೇಳಿ, ಕೇಳಿದವರು ಅದನ್ನು ಯಾವುದೋ ಸಣ್ಣ ಜ್ವರವೆಂದು ಬರೆದುಕೊಂಡು ಹೋಗಬಹುದು. ಯಾರದೂ ದುರುದ್ದೇಶವಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡೆವೆಂದೇ ನಂಬಿರುತ್ತಾರೆ.

ಇಂಥದ್ದೇ ಒಂದು ಪದದಿಂದ ಅಮೆರಿಕದಲ್ಲಿ ಏನಾಯಿತೆಂಬುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದಿದೆ. 1980ರಲ್ಲಿ ಫ್ಲಾರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಮನೆಯವರು ಸ್ಪ್ಯಾನಿಷ್‌ನಲ್ಲಿ 'ಇಂತೋಕ್ಸಿಕಾದೊ' ಎಂದರು. ಅವರ ಮಾತಿನಲ್ಲಿ ಅದರ ಅರ್ಥ ತಿಂದದ್ದು ಕುಡಿದದ್ದು ಒಗ್ಗದೆ ಅಸ್ವಸ್ಥನಾಗಿದ್ದಾನೆ ಎಂದು. ಇಂಗ್ಲಿಷ್ ಕಿವಿಗೆ ಅದು 'ಇಂಟಾಕ್ಸಿಕೇಟೆಡ್', ಅಂದರೆ ಅಮಲೇರಿದವನು ಎಂದು ಕೇಳಿಸಿತು. ಮಾದಕವಸ್ತುವಿನ ಅತಿಸೇವನೆಯೆಂದು ಚಿಕಿತ್ಸೆ ನಡೆಯಿತು. ನಿಜವಾಗಿ ಆಗಿದ್ದದ್ದು ಮೆದುಳಿನ ರಕ್ತಸ್ರಾವ. ಹುಡುಗನ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಪರಿಹಾರದ ಮೊತ್ತ ಸುಮಾರು 7 ಕೋಟಿ 10 ಲಕ್ಷ ಡಾಲರುಗಳೆಂದು ಇತ್ಯರ್ಥವಾಯಿತು. ಪೆರುವಿನಲ್ಲಿ ಕೆಚುವಾವನ್ನು ಮೂಲೆಗೊತ್ತಿದ ಅದೇ ಸ್ಪ್ಯಾನಿಷ್ ಫ್ಲಾರಿಡಾದಲ್ಲಿ ದುರ್ಬಲರ ಭಾಷೆ. ಸರಹದ್ದಿನ ಆಚೆ ಪಾವಗಡದಲ್ಲಿ ತೆಲುಗು ಮನೆಮಾತಿನ ಮಕ್ಕಳಿಗೆ ಕನ್ನಡವೇ ದೊಡ್ಡ ಭಾಷೆ, ಈಚೆ ಮಡಕಶಿರದಲ್ಲಿ ನಾವು ಅಲ್ಪಸಂಖ್ಯಾತರು. ಆದ್ದರಿಂದ ತೆಲುಗಿನ ಮೇಲೆ ನನಗೆ ಯಾವ ದೂರೂ ಇಲ್ಲ.

ಶಾಲೆಯ ವಿಜ್ಞಾನಕ್ಕೆ ಬರೋಣ. ಬೀದಿಯ ತೆಲುಗು ಬೀದಿಗೆ ಸಾಕು, ಪಾಠಕ್ಕೆ ಸಾಲದು. ಎಲೆಯು ಬಿಸಿಲಿನಲ್ಲಿ ಆಹಾರ ತಯಾರಿಸುವ ಕ್ರಿಯೆ ಕನ್ನಡ ಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ', ತೆಲುಗು ಪುಸ್ತಕದಲ್ಲಿ 'ಕಿರಣಜನ್ಯ ಸಂಯೋಗಕ್ರಿಯ'. ಎರಡೂ ಸಂಸ್ಕೃತವೇ, ಎರಡೂ ಮಗುವಿಗೆ ಕಷ್ಟವೇ. ಆದರೆ ಒಂದನ್ನು ಬಿಡಿಸಿ ಹೇಳುವ ವಿವರಣೆ ಅವ್ವನ ಮಾತಿನಲ್ಲಿ ಬರುತ್ತದೆ, ಇನ್ನೊಂದರದು ಬರುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಂತೂ ಪದವೂ ವಿವರಣೆಯೂ ಎರಡೂ ಪರದೇಶದವು.

ಇನ್ನು ನಮ್ಮ ನೀರು. ಅನಂತಪುರ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ದಶಕಗಳಿಂದ ತಿಳಿದ ಸಂಗತಿ. 1990ರ ದಶಕದಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಬಂದದ್ದರ ಹಿಂದೆ ಇದೂ ಒಂದು ಕಾರಣ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಳು ಕಳೆದಂತೆ ಮೂಳೆ ಕೀಲುಗಳ ಬಿಗಿತ. ಇದರಲ್ಲಿ ಪ್ರತಿ ತಾಯಿಗೂ ತಿಳಿದಿರಬೇಕಾದ ಒಂದು ವಾಕ್ಯವಿದೆ: ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ವಾಂತಿಭೇದಿಯ ಭಯಕ್ಕೆ 'ಕಾಯಿಸಿ ಕುಡಿಯಿರಿ' ಎಂಬ ಬುದ್ಧಿವಾದವನ್ನು ಕೇಳಿ ಬೆಳೆದ ನಮ್ಮ ಹೆಂಗಸರು ಎಲ್ಲ ಕೆಟ್ಟ ನೀರಿಗೂ ಅದೇ ಮದ್ದೆಂದು ನಂಬಿದ್ದಾರೆ. ಈ ವಾಕ್ಯ ತೆಲುಗಿನ ಭಿತ್ತಿಪತ್ರದಲ್ಲಿದ್ದರೆ ಕನ್ನಡ ಮಾತ್ರ ಓದಬಲ್ಲ ತಾಯಿಗೆ ತಲುಪುವ ದಾರಿ ಒಂದೇ, ಅವಳ ಮಗು. ಆ ಮಗು ಶಾಲೆಯಲ್ಲಿ ಕಲಿತದ್ದನ್ನು ಮನೆಯ ಮಾತಿನಲ್ಲಿ ಹೇಳಬಲ್ಲದೇ? ನಾನು ಪಾಲಕರ ಸಭೆಗಳಲ್ಲಿ ಕೇಳುವ ಪ್ರಶ್ನೆ ಇದೊಂದೇ.

ಈಗ ನನ್ನ ಕಥೆ. ನನ್ನ ಹಿರಿಯ ಮಗಳು ಊರಿನ ಕನ್ನಡ ಶಾಲೆಯಲ್ಲಿ ಓದಿದಳು. ಕಿರಿಯವನ ಸರದಿ ಬಂದಾಗ ನಾನು ಹೆದರಿದೆ. ನೆರೆಯವರ ಮಕ್ಕಳು ಬೂಟು ಹಾಕಿಕೊಂಡು ವ್ಯಾನು ಹತ್ತುವುದನ್ನು ದಿನವೂ ನೋಡಿ ಅವನನ್ನು ಪಟ್ಟಣದ ಇಂಗ್ಲಿಷ್ ಶಾಲೆಯೊಂದಕ್ಕೆ ಸೇರಿಸಿದೆ. ಅರ್ಜಿಯಲ್ಲಿ 'ತೆಲುಗು' ಎಂದು ಬರೆದುಕೊಂಡರು, 'ಎರಡೂ ಒಂದೇ ಅಲ್ಲವೇ ಸಾರ್' ಎಂದರು, ನಾನು ಒಪ್ಪಿದೆ. ಆ ವರ್ಷ ಊರಿನ ಶಾಲೆಯ ಒಂದನೆಯ ತರಗತಿಗೆ ಸೇರಿದ ಕನ್ನಡ ಮಕ್ಕಳು ಒಂಬತ್ತು.

ಒಂಬತ್ತೆಂಬ ಸಂಖ್ಯೆಯ ಅರ್ಥ ನನಗೆ ಅಂದು ತಿಳಿದಿರಲಿಲ್ಲ. 1949ರ ಆಗಸ್ಟ್‌ನಲ್ಲಿ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಒಂದು ತರಗತಿಯಲ್ಲಿ ಹತ್ತು ಅಥವಾ ಇಡೀ ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನು ನೇಮಿಸಬೇಕೆಂದು ಗೊತ್ತುಪಡಿಸಿತು. ರಾಜ್ಯಗಳ ಪುನರ್ವಿಂಗಡಣೆಯ ಕಾಲದ 1956ರ ಜ್ಞಾಪನಪತ್ರವೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸುವುದು ರಾಜ್ಯದ ಪ್ರಯತ್ನವಾಗಬೇಕೆಂದು ಹೇಳಿತು. ನಮ್ಮ ಶಾಲೆಯಲ್ಲಿ ನಲವತ್ತರ ಸಂಖ್ಯೆ ಎಂದೋ ತಪ್ಪಿತ್ತು. ಹತ್ತನೆಯವನು ನನ್ನ ಮನೆಯಲ್ಲಿದ್ದ. ಮರುವರ್ಷ ಕನ್ನಡದ ಮೇಷ್ಟ್ರು ವರ್ಗವಾದರು, ಆ ಹುದ್ದೆ ಖಾಲಿಯಾಗಿಯೇ ಉಳಿಯಿತು, ಉಳಿದ ಒಂಬತ್ತು ಮಕ್ಕಳು ತೆಲುಗು ಮಕ್ಕಳ ಪಕ್ಕದಲ್ಲಿ ಕುಳಿತರು. ಅವರ ತಂದೆತಾಯಿಯರು ಇಂದಿಗೂ ನನ್ನನ್ನು ಮಾತನಾಡಿಸುತ್ತಾರೆ. ಅವರಿಗೆ ಈ ಲೆಕ್ಕ ಗೊತ್ತಿಲ್ಲ.

'ಹತ್ತನೆಯ ತರಗತಿಯ ನಂತರ ಕನ್ನಡದವರಿಗೆ ಇಲ್ಲಿ ದಾರಿಯೆಲ್ಲಿದೆ?' ಎನ್ನುತ್ತೀರಿ. ದಾರಿ ಕಿರಿದು, ಒಪ್ಪಿದೆ. ಪಠ್ಯಪುಸ್ತಕ ತಡವಾಗಿ ಬಂದ ವರ್ಷಗಳನ್ನೂ ನೋಡಿದ್ದೇವೆ. ರಾಯದುರ್ಗದ ಜೀನ್ಸ್ ಹೊಲಿಗೆಯ ಮನೆಗಳಲ್ಲಿರಲಿ, ಬಳ್ಳಾರಿ ಬೆಂಗಳೂರುಗಳ ಕೆಲಸದಲ್ಲಿರಲಿ, ತೆಲುಗೂ ಇಂಗ್ಲಿಷೂ ಬೇಕೇ ಬೇಕು. ನಾನು ಬೇಡವೆನ್ನುತ್ತಿಲ್ಲ, ಎರಡನ್ನೂ ಭಾಷೆಗಳಾಗಿ ಒಳ್ಳೆಯ ಶಿಕ್ಷಕರಿಂದ ಕಲಿಸಿ ಎಂದು ಪಟ್ಟುಹಿಡಿದು ಕೇಳೋಣ. ಮೊದಲ ಐದು ವರ್ಷಗಳ ಲೆಕ್ಕ ಮತ್ತು ಪರಿಸರ ಪಾಠವಾದರೂ ಮಗುವಿಗೆ ತಿಳಿಯುವ ಮಾತಿನಲ್ಲಿ ನಡೆಯಲಿ ಎಂಬಷ್ಟೇ ನನ್ನ ಬೇಡಿಕೆ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪು ನೀಡಿದೆ. ಹಾಗಾದರೆ ಕನ್ನಡವನ್ನು ಆಯ್ದುಕೊಳ್ಳುವುದೂ ಆ ಹಕ್ಕಿನೊಳಗೇ ಇದೆಯಲ್ಲವೇ?

ಎಣಿಕೆಯ ವಿಷಯದಲ್ಲಿ ಇನ್ನೊಂದು ಮಾತು. ರಾಯದುರ್ಗ 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರ ಅದಕ್ಕೂ ಮೊದಲಿನಿಂದ ಅನಂತಪುರ ಜಿಲ್ಲೆಯಲ್ಲಿತ್ತು. ಹಾಗೆ ಒಂದೇ ಜಿಲ್ಲೆಯಲ್ಲಿ ಕೂಡಿದ್ದ ನಮ್ಮ ಸಂಖ್ಯೆ, 2022ರ ಏಪ್ರಿಲ್‌ನಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದಾಗ ಎರಡಾಗಿ ಒಡೆಯಿತು. ಯಾವುದೇ ಜಿಲ್ಲೆ, ತಾಲ್ಲೂಕು ಅಥವಾ ಪುರಸಭೆಯಲ್ಲಿ ಶೇ. 15ರಷ್ಟು ಜನರ ಭಾಷೆಯಾದರೆ ಮುಖ್ಯ ಪ್ರಕಟಣೆಗಳನ್ನು ಆ ಭಾಷೆಯಲ್ಲಿಯೂ ಹೊರಡಿಸಬೇಕೆಂಬುದು ಅಲ್ಪಸಂಖ್ಯಾತರಿಗಾಗಿ ಒಪ್ಪಿಕೊಂಡ ರಕ್ಷಣೆಗಳಲ್ಲೊಂದು. ಲಸಿಕೆಯ, ನೀರಿನ, ಡೆಂಗಿಯ ಪ್ರಕಟಣೆಗಳನ್ನು ಕನ್ನಡದಲ್ಲಿ ಕೇಳಲು ನಮಗಿರುವ ಆಧಾರ ಇದೇ. 2027ರ ಜನಗಣತಿಯಲ್ಲಿ ಮಾತೃಭಾಷೆಯನ್ನು ಕೇಳುತ್ತಾರೆ. ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ಮಾತು ಎಂಬುದೇ ಜನಗಣತಿಯಲ್ಲಿ ಅದರ ಅರ್ಥ. ಸಂತೆಯಲ್ಲಿ ಆಡುವ ಮಾತನ್ನು ಅಲ್ಲಿ ಹೇಳಬೇಕಾಗಿಲ್ಲ.

ಈ ವಾರ ಶಾಲೆಗೆ ಹೋದಾಗ ಅರ್ಜಿಯನ್ನು ನೀವೇ ತುಂಬಿ. ಈಗಾಗಲೇ ಕೊಟ್ಟಿದ್ದರೆ ಏನು ಬರೆದಿದೆ ಎಂದು ನೋಡಿ, ತಪ್ಪಿದ್ದರೆ ತಿದ್ದಿಸಿ. ನಿಮ್ಮ ಊರಿನ ಒಂದನೆಯ ತರಗತಿಯಲ್ಲಿ ಕನ್ನಡ ಮನೆಮಾತಿನ ಮಕ್ಕಳು ಎಷ್ಟಿದ್ದಾರೆ, ಇಡೀ ಶಾಲೆಯಲ್ಲಿ ಎಷ್ಟಿದ್ದಾರೆ, ಕನ್ನಡ ಶಿಕ್ಷಕರ ಹುದ್ದೆ ತುಂಬಿದೆಯೇ ಎಂಬುದನ್ನು ಊರು ಮತ್ತು ಮಂಡಲದ ಹೆಸರಿನೊಂದಿಗೆ ಈ ಬರಹದ ಕೆಳಗೆ ಬರೆಯಿರಿ. ಮಕ್ಕಳ ಹೆಸರು ಬೇಡ. ಎಂಟು, ಒಂಬತ್ತರಲ್ಲಿ ನಿಂತಿರುವ ಊರುಗಳನ್ನು ಮೊದಲು ತಿಳಿಸಿ. ಜೂನ್ ಮುಗಿಯುವುದರೊಳಗೆ ಆ ಪಟ್ಟಿಯನ್ನು ಹಿಡಿದು ಮಂಡಲ ಶಿಕ್ಷಣಾಧಿಕಾರಿಗಳ ಬಳಿ ಹೋಗೋಣ, ನಾನು ಬರುತ್ತೇನೆ.