ಮಂದ ಮಾಡುವ ಹದ: ಸಾಗುವಿಗೂ ಬೇಕು, ರೋಗಿಯ ಲೋಟಕ್ಕೂ ಬೇಕು

ಹುಳಿ ನೀರು ನೀರಾದರೆ ನಾವು ಗೃಹಿಣಿಯರು ಕಂಗೆಡುವುದಿಲ್ಲ. ಒಂದು ಚಮಚ ಅಕ್ಕಿಹಿಟ್ಟು ಕದಡಿ ಹಾಕಿದರೆ ಆಯಿತು! ಸಾಗುವಿಗೆ ಹುರಿಗಡಲೆ, ಮಜ್ಜಿಗೆಹುಳಿಗೆ ನೆನೆಸಿ ರುಬ್ಬಿದ ಕಡಲೆಬೇಳೆ, ಸೂಪಿಗೆ ಕಾರ್ನ್‌ಫ್ಲೋರ್.

ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಯುವುದಕ್ಕೆ ಸುರಿದು ಕೈಬಿಡದೆ ತಿರುವಿ. ನೇರವಾಗಿ ಬಿಸಿಗೆ ಹಾಕಿದರೆ ಹೊರಗೆ ಬೆಂದು, ಒಳಗೆ ಹಸಿ ಉಳಿದು ಗಂಟು ಕಟ್ಟತ್ತೆ. ಮೈದಾ 2 ಚಮಚ ಬೇಕಾದಲ್ಲಿ ಕಾರ್ನ್‌ಫ್ಲೋರ್ 1 ಚಮಚ ಸಾಕು. ನಿಂಬೆರಸ ಕೊನೆಗೆ ಹಿಂಡಿ. ಹುಳಿಯ ಜೊತೆ ಬಹಳ ಹೊತ್ತು ಕುದಿಸಿದರೆ ಹದ ಸಡಿಲವಾಗತ್ತೆ.

ಇದೇ ವಿದ್ಯೆ ಕೆಲವೊಮ್ಮೆ ರೋಗಿಯ ಆರೈಕೆಗೂ ಬೇಕಾಗುತ್ತದೆ. ಪಾರ್ಶ್ವವಾಯು ಬಡಿದ ಹಿರಿಯರು ಮೆತ್ತಗಿನ ಅನ್ನ ಉಣ್ಣುತ್ತಾರೆ, ಆದರೆ ನೀರು ಕುಡಿದರೆ ಕೆಮ್ಮುತ್ತಾರೆ. "ನೆತ್ತಿಗೆ ಹತ್ತಿತು" ಅಂತ ತಲೆ ತಟ್ಟಿ ಸುಮ್ಮನಾಗಬೇಡಿ. ನೀರು ಬೇಗ ಹರಿಯುತ್ತದೆ. ಗಂಟಲಿನ ಸ್ನಾಯು ಸೋತಿದ್ದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾದೀತು. ಮಂದವಾದ ಪಾನೀಯ ನಿಧಾನವಾಗಿ ಇಳಿಯುವುದರಿಂದ ನುಂಗಲು ಸಮಯ ಸಿಗುತ್ತದೆ. ಕುಡಿದ ಮೇಲೆ ದನಿ ಗೊರಗೊರ ಅನ್ನುವುದು, ಪದೇ ಪದೇ ಜ್ವರ ಬರುವುದು ಕೂಡ ಎಚ್ಚರಿಕೆಯ ಗುರುತುಗಳೇ. ಕೆಲವರಿಗೆ ಕೆಮ್ಮೂ ಬರುವುದಿಲ್ಲ!

ಆದರೆ ಎಲ್ಲರಿಗೂ ಇದೇ ಮದ್ದಲ್ಲ. ಎಷ್ಟು ಮಂದ ಬೇಕೆಂಬುದನ್ನು ನುಂಗುವಿಕೆ ಪರೀಕ್ಷಿಸಿದ ತಜ್ಞರೇ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ತಪಾಸಣೆಯ ಸೌಲಭ್ಯವಿದೆ. ಪಾನೀಯಗಳಿಗೆ 0ಯಿಂದ 4ರವರೆಗೆ ಅಂತರರಾಷ್ಟ್ರೀಯ ಅಳತೆಯೂ ಇದೆ: 0 ಎಂದರೆ ಬರೀ ನೀರು, 4 ಎಂದರೆ ಕುಡಿಯಲಾಗದೆ ಚಮಚದಲ್ಲೇ ತಿನ್ನಬೇಕಾದಷ್ಟು ಗಟ್ಟಿ.

ಮನೆಯಲ್ಲಿ ನೆನಪಿಡಬೇಕಾದ್ದು:

1. ಗಂಜಿಯನ್ನು ಎಂಜಲು ಸಡಿಲ ಮಾಡುತ್ತದೆ. ಬಾಯಿಗಿಟ್ಟ ಚಮಚವನ್ನು ಮತ್ತೆ ಬಟ್ಟಲಿಗೆ ಅದ್ದಿದರೆ ಸ್ವಲ್ಪ ಹೊತ್ತಿಗೆ ನೀರಾಗತ್ತೆ. ಬೇರೆ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ. ಔಷಧಿ ಅಂಗಡಿಯ ಕ್ಸಾಂಥಾನ್ ಗೋಂದಿನ ಪುಡಿಗೆ ಈ ತೊಂದರೆಯಿಲ್ಲ, ತಣ್ಣೀರಿನಲ್ಲೂ ಕೂಡಿಕೊಳ್ಳುತ್ತದೆ.

2. ಐಸ್‌ಕ್ರೀಮ್, ಜೆಲ್ಲಿ ಗಟ್ಟಿ ಕಂಡರೂ ಬಾಯಲ್ಲಿ ಕರಗಿ ನೀರೇ ಆಗುತ್ತವೆ.

3. ಇಸಬ್‌ಗೋಲ್ ಕೂಡ ಮಂದವಾಗತ್ತಲ್ಲ ಅಂತ ಅದನ್ನು ಬಳಸಬೇಡಿ. ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಿಸಬಹುದು.

4. ನೆಟ್ಟಗೆ ಕೂರಿಸಿ, ಸಣ್ಣ ಗುಟುಕು ಕೊಡಿ. ಕುಡಿದ ಕೂಡಲೇ ಮಲಗಿಸಬೇಡಿ.

5. ದಿನ ತುಂಬದೆ ಹುಟ್ಟಿದ ಕೂಸಿನ ಹಾಲಿಗೆ ಯಾವ ಪುಡಿಯನ್ನೂ ವೈದ್ಯರನ್ನು ಕೇಳದೆ ಬೆರೆಸಲೇಬಾರದು.

ಮಂದ ನೀರು ರುಚಿಸದೆ ಹಿರಿಯರು ಕುಡಿಯುವುದನ್ನೇ ಕಡಿಮೆ ಮಾಡುವುದುಂಟು. ಮೂತ್ರ ಕಡು ಹಳದಿಯಾದರೆ, ನಾಲಿಗೆ ಒಣಗಿದರೆ ವೈದ್ಯರಿಗೆ ತಿಳಿಸಿ. ಹೊತ್ತು ಹೊತ್ತಿಗೆ ಎಷ್ಟು ಲೋಟ ಒಳಗೆ ಹೋಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲೇ ಗೀಚಿಡಿ.